ಜೀಪಣ್ಣನ ನಂಬಿಕೆ
ಹಳೇ ಜೀಪು ಕೊಂಡ ಮೇಲೆ ಕೇರಿಯವರೆಲ್ಲ ಅವನನ್ನು ಜೀಪಣ್ಣ ಅಂತಲೇ ಕರೆಯುತ್ತಾರೆ. ಹೆಂಡತಿಗಂತೂ ಅವನ ಮುಖಕ್ಕಿಂತ ಜೀಪಿನಡಿಯಿಂದ ಚಾಚಿದ ಕಾಲುಗಳೇ ಹೆಚ್ಚು ಪರಿಚಯ. ಊಟಕ್ಕೆ ಕರೆದರೆ "ಬಂದೆ ಕಣೇ, ಇದೊಂದು ನಟ್ಟು" ಅನ್ನುತ್ತಾನೆ, ಊಟ ಆರಿ ತಣ್ಣಗಾದರೂ ಆ ನಟ್ಟು ಮುಗಿಯುವುದಿಲ್ಲ. ಕಾರ್ಬೊರೇಟರ್ ತೊಳೆದ, ಪೆಟ್ರೋಲ್ ಪೈಪು ಬದಲಿಸಿದ, ಅವಳ ಒಳ್ಳೊಳ್ಳೆ ಟವೆಲ್ಲುಗಳನ್ನೆಲ್ಲ ಗ್ರೀಸಿಗೆ ಬಲಿಕೊಟ್ಟ. ಈಗ ಕೀ ತಿರುಗಿಸಿದರೆ ಸಾಕು, ಜೀಪು ಗುರ್ರೆನ್ನುತ್ತದೆ. ಆದರೂ ಹಲ್ಲುಜ್ಜುತ್ತಲೇ ಒಮ್ಮೆ ಸ್ಟಾರ್ಟ್ ಮಾಡಿ ಆಫ್ ಮಾಡುತ್ತಾನೆ, ಕಾಫಿ ಕುಡಿದು ಇನ್ನೊಮ್ಮೆ, ಕೆಲಸದಿಂದ ಬಂದು ಚಪ್ಪಲಿ ಬಿಡುವ ಮೊದಲು ಮತ್ತೊಮ್ಮೆ. "ಗಾಡಿ ಕುದುರೆ ಹಾಗಿದೆ ಅಣ್ಣಾ, ನೀವೇ ನೋಡಿ ನೋಡಿ ಬ್ಯಾಟರಿ ಡೌನ್ ಮಾಡ್ತಿದ್ದೀರಿ" ಎಂದು ಮೆಕ್ಯಾನಿಕ್ ಬೈದ. ಜೀಪಣ್ಣ ಯಾಕೆ ಹಾಗೆ ಮಾಡುತ್ತಾನೆಂದು ಹೆಂಡತಿಗೆ ಗೊತ್ತು. ಹೋದ ಮಳೆಗಾಲ ಮಗಳಿಗೆ ಜ್ವರ ನೆತ್ತಿಗೇರಿದಾಗ ಬಾಡಿಗೆ ಕಾರು ಮನೆಗೆ ಬರುವ ಕೆಸರಿನ ಏರು ಹತ್ತಲಿಲ್ಲ. ಮಗಳನ್ನು ಎದೆಗವಚಿಕೊಂಡು ಆಸ್ಪತ್ರೆಗೆ ಓಡಿದ, ಮಗು ದಾರಿಯಲ್ಲೇ ಹೋಗಿಬಿಟ್ಟಿತು. ಈಗ ಹೆಂಡತಿಗೆ ಮತ್ತೆ ದಿನ ತುಂಬುತ್ತಿದೆ. "ಕೀ ಇಲ್ಲಿ ಕೊಡಿ, ಬ್ಯಾಟರಿ ಉಳೀಲಿ. ನೋವು ಬಂದ್ರೆ ನಿಮ್ಮನ್ನಲ್ದೆ ಇನ್ಯಾರನ್ನ ಕರೀತೀನಿ?" ಎಂದು ಕೈ ಚಾಚಿದಳು. ಕೀ ಕೊಟ್ಟ. ಸ್ವಲ್ಪ ಹೊತ್ತಿನ ಮೇಲೆ ಕಿಟಕಿಯಿಂದ ನೋಡಿದರೆ, ಅವನೊಬ್ಬನೇ ಹೆಗಲು ಕೊಟ್ಟು ಜೀಪನ್ನು ತಳ್ಳುತ್ತಾ ಇಳಿಜಾರಿನ ಕಡೆಗೆ ಅದರ ಮುಖ ತಿರುಗಿಸುತ್ತಿದ್ದ, ಸ್ಟಾರ್ಟ್ ಆಗದೆ ಹೋದರೂ ಉರುಳಿಕೊಂಡಾದರೂ ಹೋಗಲಿ ಎಂದು.