ರಾಣಿ ಉಳಿಯುವ ದಾರಿ

ಮೊನ್ನೆ, ನಾನು ಬದುಕಿದ್ದೇನೆ ಎಂಬುದಕ್ಕೆ ಸರ್ಕಾರದ ಮುದ್ರೆ ಬಿತ್ತು. ಪಿಂಚಣಿದಾರರು ವರ್ಷಕ್ಕೊಮ್ಮೆ ಹೋಗಿ ತಾವಿನ್ನೂ ಸತ್ತಿಲ್ಲವೆಂದು ತೋರಿಸಿ ಬರಬೇಕಲ್ಲ, ಆ ಕೆಲಸಕ್ಕೆ ಹೋಗಿದ್ದೆ. ಎದುರಿಗಿದ್ದ ಹೆಣ್ಣುಮಗಳು ನನ್ನ ಮುಖ ನೋಡಿದಳೋ ಇಲ್ಲವೋ, ಠಪ್ಪೆಂದು ಒತ್ತಿ ಕಾಗದ ಸರಿಸಿದಳು. ಸ್ಟ್ಯಾಂಪ್ ಪ್ಯಾಡಿನ ಶಾಯಿಯ ವಾಸನೆ ಮೂಗಿಗೆ ಬಂತು. ನನಗೆ ಆ ವಾಸನೆ ಎಂದರೆ ಬ್ಯಾಡಗಿ, ಬ್ಯಾಡಗಿ ಎಂದರೆ ಇಮಾಮಸಾಬರು. ನೀವು ಬ್ಯಾಡಗಿ ಎಂದಕೂಡಲೇ ಮೆಣಸಿನಕಾಯಿಯ ಘಾಟು ನೆನೆಯುವವರಾದರೆ ತಪ್ಪೇನಿಲ್ಲ. ಆ ಘಾಟಿಗೆ ಇಪ್ಪತ್ತು ವರ್ಷ ಸೀನಿದವನು ನಾನು.

ರಾಣೆಬೆನ್ನೂರಿನ ಮನೆಯಿಂದ ದಿನಾ ಬಸ್ಸು ಹಿಡಿದು ಬ್ಯಾಡಗಿಯ ಕಚೇರಿಯೊಂದಕ್ಕೆ ಗುಮಾಸ್ತಿಕೆಗೆ ಹೋಗುತ್ತಿದ್ದೆ. ಎದುರಿಗೇ ಇಮಾಮಸಾಬರ ರಬ್ಬರ್ ಸ್ಟ್ಯಾಂಪಿನ ಅಂಗಡಿ. ಅಂಗಡಿ ಎಂದರೆ ಒಂದು ಮೇಜು, ಎರಡು ಸ್ಟೂಲು, ಉಲ್ಟಾ ಅಕ್ಷರಗಳ ಒಂದು ಪೆಟ್ಟಿಗೆ. ಮುದ್ರೆಗೆ ಅವರು ಶಿಕ್ಕಾ ಎನ್ನುತ್ತಿದ್ದರು. ಸುತ್ತಲಿನ ಎಷ್ಟೋ ಸಾಹೇಬರ ಶಿಕ್ಕಾಗಳು ಹುಟ್ಟಿದ್ದು ಅವರ ಕೈಯಲ್ಲೇ.

ಬಿಡುವಿನಲ್ಲಿ ಅವರು ಚದುರಂಗದ ಸಮಸ್ಯೆ ಹೆಣೆಯುತ್ತಿದ್ದರು. ಆಡುವುದಲ್ಲ, ಹೆಣೆಯುವುದು. ಹಲಗೆಯ ಮೇಲೆ ಏಳೆಂಟು ಕಾಯಿ ನಿಲ್ಲಿಸಿ, ಮೂರು ನಡೆಯಲ್ಲಿ ಕರಿಯ ರಾಜನನ್ನು ಕಟ್ಟಿಹಾಕು ಎಂದು ಓದುಗರಿಗೆ ಒಗಟು ಒಡ್ಡುವುದು. ದಾರಿ ಒಂದೇ ಇರಬೇಕು. ಎರಡನೆಯದು ಸಿಕ್ಕಿತೋ, ಸಮಸ್ಯೆ ಕೆಟ್ಟಿತು. ಅದಕ್ಕೆ ಅವರ ಮಾತಿನಲ್ಲಿ ಒಡಕು. ಮಡಕೆ ಕೊಳ್ಳುವವರು ಬಡಿದು ನೋಡುವಂತೆ, ಒಡಕು ನೋಡುವ ಕೆಲಸ ನನ್ನದು. ಆಟದಲ್ಲಿ ನಾನು ತೀರ ದಡ್ಡ, ಹೆಂಡತಿಯೇ ಹತ್ತು ನಿಮಿಷದಲ್ಲಿ ಮುಗಿಸುತ್ತಿದ್ದಳು. ಆದರೆ ಇನ್ನೊಬ್ಬರ ತಪ್ಪು ಹುಡುಕುವುದರಲ್ಲಿ ಗುಮಾಸ್ತನನ್ನು ಮೀರಿಸುವವರಾರು? ಒಂದು ದಿನ ನನಗೆಂದೇ ಒಂದು ಮುದ್ರೆ ಮಾಡಿಕೊಟ್ಟರು: ‘ಪರಿಶೀಲಿಸಿದೆ, ಒಡಕಿಲ್ಲ.’ ನಾನು ಅದನ್ನು ಒತ್ತಿದ ಮೇಲೆಯೇ ಸಮಸ್ಯೆ ಪತ್ರಿಕೆಯ ಭಾನುವಾರದ ಪುರವಣಿಗೆ ಹೋಗುತ್ತಿತ್ತು. ಈಗ ಮೊಬೈಲಿಗೆ ಹಾಕಿದರೆ ಒಂದು ಗಳಿಗೆಯಲ್ಲಿ ಗೊತ್ತಾಗುತ್ತದಲ್ಲ ಎಂದು ನಾನೇ ಒಮ್ಮೆ ಹೇಳಿದ್ದೆ. ಮೊಬೈಲಿನ ಮಾತು ಮೊಬೈಲಿಗೆ, ನಿನ್ನ ಮಾತು ನನಗೆ ಎಂದಿದ್ದರು.

ನಾನು ನಿವೃತ್ತನಾದ ವರ್ಷ ಅವರ ಹೆಂಡತಿ ಮಲೀಕಾಬಿ ತೀರಿಕೊಂಡರು. ಎದೆನೋವು ಎಂದಾಗ ಪಿತ್ತವಿರಬೇಕೆಂದು ಮನೆಯಲ್ಲೇ ಕಷಾಯ ಕುಡಿಸುತ್ತ ಅರ್ಧ ದಿನ ಕಳೆದರಂತೆ. ಹಾವೇರಿಯ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಎಲ್ಲ ಆಗಿಹೋಗಿತ್ತು. ಲಗೂ ಒಯ್ದಿದ್ದರೆ ಉಳಿಯುತ್ತಿದ್ದಳೇನೋ ಎಂಬುದೊಂದೇ ಮಾತು ಅವರ ಬಾಯಲ್ಲಿ, ತಿಂಗಳುಗಟ್ಟಲೆ. ಆಮೇಲೆ ಆ ಮಾತು ನಿಂತು, ಒಂದು ಸಮಸ್ಯೆ ಹೆಣೆಯಲು ಕೂತರು. ಅರ್ಧ ವರ್ಷ ಅದೊಂದನ್ನೇ. ಮೊದಲ ನಡೆಯಲ್ಲೇ ಬಿಳಿಯ ರಾಣಿ ತಾನಾಗಿ ಹೋಗಿ ಶತ್ರುವಿಗೆ ಬಲಿಯಾಗುತ್ತಾಳೆ, ಹಾಗಾದರಷ್ಟೇ ಗೆಲುವು. ಆ ಕಾಯಿಯನ್ನು ಯಾವಾಗಲೂ ವಜೀರ ಎನ್ನುತ್ತಿದ್ದವರು ಅದೊಂದರಲ್ಲಿ ರಾಣಿ ಎಂದರು.

“ಆಕಿ ಹೋಗಾಕ ಬೇಕಿತ್ತು ತಮ್ಮಾ. ಬ್ಯಾರೆ ದಾರಿನ ಇದ್ದಿದ್ದಿಲ್ಲ” ಎಂದು ಹಲಗೆ ತೋರಿಸಿದರು.

ಮೂರನೆಯ ದಿನ ನನಗೆ ಬೇರೆ ದಾರಿ ಕಂಡಿತು. ರಾಣಿಯನ್ನು ಮುಟ್ಟದೆ ಕುದುರೆಯನ್ನು ಮೂಲೆಯ ಕಡೆ ಹಾರಿಸಿದರೂ ಮೂರೇ ನಡೆ. ಮತ್ತೆ ಮತ್ತೆ ನೋಡಿದೆ, ನನ್ನದೇ ತಪ್ಪಿರಲಿ ದೇವರೇ ಎಂದು ಬೇಡಿಕೊಂಡು ನೋಡಿದೆ. ರಾಣಿ ಉಳಿಯುತ್ತಿದ್ದಳು. ಇದನ್ನು ಆ ಮನುಷ್ಯನಿಗೆ ಯಾವ ಬಾಯಿಂದ ಹೇಳುವುದು, ನೀವೇ ಹೇಳಿ. ಮರುದಿನ ಹೋಗಿ ಮುದ್ರೆ ಒತ್ತಿಬಿಟ್ಟೆ. ಅವರು ಕಾಗದವನ್ನು ಕಣ್ಣಿಗೊತ್ತಿಕೊಂಡರು. ನಾನು ಪುಣ್ಯದ ಕೆಲಸ ಮಾಡಿದೆನೆಂದುಕೊಂಡು ಬಸ್ಸು ಹತ್ತಿದೆ.

ಅದು ಅಚ್ಚಾದ ಮರುವಾರ ಅದೇ ಪುರವಣಿಯಲ್ಲಿ ಎರಡು ಸಾಲು ಬಂತು. ಹಲವು ಓದುಗರು ತಿಳಿಸಿದಂತೆ ರಾಣಿಯನ್ನು ಕಳೆದುಕೊಳ್ಳುವ ಅಗತ್ಯವಿರಲಿಲ್ಲ, ಕುದುರೆಯಿಂದಲೂ ಗೆಲ್ಲಬಹುದಿತ್ತು ಎಂದು. ಸೋಮವಾರ ಬೆಳಿಗ್ಗೆಯೇ ಬ್ಯಾಡಗಿಗೆ ಓಡಿದೆ. ಇಮಾಮಸಾಬರು ಪುರವಣಿ ಬಿಚ್ಚಿಕೊಂಡೇ ಕೂತಿದ್ದರು. ನಿನಗಿದು ಕಾಣಲಿಲ್ಲವೇನು ಎಂದು ಕೇಳಿದರು. ವಯಸ್ಸಾಯಿತು, ಕಣ್ಣು ತಪ್ಪಿತು ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಎರಡನೆಯ ಸುಳ್ಳು ಬಾಯಿಗೆ ಬರಲಿಲ್ಲ. ಕಂಡಿತ್ತು ಎಂದೆ.

ಅವರು ಪುರವಣಿಯನ್ನು ಮಡಚಿ ಅಕ್ಷರದ ಪೆಟ್ಟಿಗೆಯ ಮೇಲಿಟ್ಟರು.

“ನೀ ಹೇಳಿದ್ದರ ಇಲ್ಲೇ ನಿನ್ನ ಮುಂದ ಅತ್ತು ಮುಗಸ್ತಿದ್ದೆ. ಈಗ ಯಾರೋ ಮಂದಿ ಹೇಳಿದ್ದನ್ನ ಪೇಪರಿನ್ಯಾಗ ಓದಿದೆ. ಇಷ್ಟು ವರ್ಷ ನೀ ಒತ್ತಿದ ಶಿಕ್ಕಾದಾಗ ಖರೇ ಯಾವುದು, ಸುಳ್ಳು ಯಾವುದು, ನಾ ಹೆಂಗ ತಿಳೀಲಿ?”

ಜೇಬಿನಲ್ಲಿದ್ದ ನನ್ನ ಮುದ್ರೆಯನ್ನು ಮೇಜಿನ ಮೇಲಿಟ್ಟು ಬಂದೆ. ಆಮೇಲೆ ಅವರ ಮಗಳು ರಾಣೆಬೆನ್ನೂರಿನ ಸಂತೆಯಲ್ಲಿ ಸಿಕ್ಕಾಗ ಹೇಳಿದಳು: ಅಪ್ಪ ಹೊಸದೊಂದನ್ನೂ ಹೆಣೆದಿಲ್ಲ, ಭೂತಗನ್ನಡಿ ಹಿಡಿದು ಹಳೆಯವನ್ನೆಲ್ಲ ಒಂದೊಂದಾಗಿ ತಾನೇ ಮತ್ತೆ ಪರೀಕ್ಷೆ ಮಾಡುತ್ತ ಕೂತಿದ್ದಾನೆ. ದಯೆ ಎಂದುಕೊಂಡು ನಾನು ಮಾಡಿದ್ದು ಇದು. ಎರಡು ವರ್ಷ ಬ್ಯಾಡಗಿಯ ಬಸ್ಸು ಹತ್ತಲಿಲ್ಲ. ಹಾವೇರಿಗೆ ಹೋಗುವಾಗ, ಬ್ಯಾಡಗಿಗೆ ದಾರಿ ತಿರುಗುವ ಮೋಟೆಬೆನ್ನೂರು ಬಂತೆಂದರೆ ಆ ಕಡೆ ಮುಖ ಹಾಕದೆ ಕೂರುತ್ತಿದ್ದೆ.

ಈ ನಡುವೆ, ನಗಬೇಡಿ, ನಾನೇ ಒಂದು ಸಮಸ್ಯೆ ಹೆಣೆಯತೊಡಗಿದ್ದೆ. ಜೀವನದಲ್ಲಿ ಮೊದಲನೆಯದು. ಐದು ತಿಂಗಳು ಹಿಡಿಯಿತು. ಮೊನ್ನೆ ಬದುಕಿದ್ದೇನೆಂದು ಬರೆಸಿಕೊಂಡು ಬಂದವನು, ಬದುಕಿ ಮಾಡುತ್ತಿರುವುದೇನು ಎನ್ನಿಸಿ, ಅದನ್ನು ಜೇಬಿಗಿಟ್ಟುಕೊಂಡು ಬ್ಯಾಡಗಿಗೆ ಹೊರಟೇಬಿಟ್ಟೆ. ಇಮಾಮಸಾಬರು ಬಹಳ ಇಳಿದುಹೋಗಿದ್ದರು. ಕುಂದ್ರು ಎಂದರು, ಅಷ್ಟೇ. ಕಾಗದ ಮುಂದಿಟ್ಟೆ. ಅವರು ಹಲಗೆ ತೆಗೆದು ಕಾಯಿ ಜೋಡಿಸಿದರು. ಸರಿಯಾಗಿ ನೋಡದೆಯೇ, ಚಲೋ ಐತಿ ಎಂದು ಕಳಿಸಿಬಿಟ್ಟಾರು ಎಂಬ ಹೆದರಿಕೆ ನನಗೆ. ಹಾಗೆ ಅಂದರೆ ನಮ್ಮ ನಡುವೆ ಇನ್ನೇನೂ ಉಳಿದಿಲ್ಲವೆಂದೇ ಅರ್ಥ. ಮುಕ್ಕಾಲು ಗಂಟೆಯಾದ ಮೇಲೆ ಒಂದು ಪ್ಯಾದೆ ಕಾಯಿಯನ್ನು ಬೆರಳಿನಿಂದ ಮುಂದಕ್ಕೆ ತಳ್ಳಿದರು.

“ಇಲ್ಲಿ ಒಡದೈತಿ ನೋಡು. ಮೊದಲಿಂದ ಮಾಡಬೇಕಾಗ್ತೈತಿ.”

ಹೌದು, ಒಡೆದಿತ್ತು. ಐದು ತಿಂಗಳ ಕೆಲಸ ಅಲ್ಲೇ ಮಣ್ಣುಗೂಡಿತು. ಅವರು ನನ್ನ ಮುಖವನ್ನೇ ನೋಡುತ್ತಿದ್ದರು.

“ಬ್ಯಾಸರ ಆತೇನು?”

“ಹೂಂರಿ ಕಾಕಾ. ಭಾಳ ಆತು.”

ಅವರು ತಲೆಯಾಡಿಸಿದರು. ಕಾಯಿಗಳನ್ನು ಒಂದೊಂದಾಗಿ ಮೊದಲಿನ ಜಾಗಕ್ಕೆ ಇಡುತ್ತ, ಸ್ಟೂಲನ್ನು ಇನ್ನಷ್ಟು ಹತ್ತಿರ ಎಳೆದುಕೊಳ್ಳಲು ಹೇಳಿದರು.