ಭಾವನ ಚುಟ್ಟಕ್ಕೊಂದು ಲೈಟರ್

ಭಾವ ನನ್ನನ್ನು ಹಿತ್ತಿಲಿಗೆ ಕರೆದು, ಅಕ್ಕ ಅಡುಗೆಮನೆಯಲ್ಲೇ ಇದ್ದಾಳೆಯೇ ಎಂದು ಬಗ್ಗಿ ನೋಡಿ, ಪಿಸುದನಿಯಲ್ಲಿ ಕೇಳಿದ್ದು ಒಂದು ಲೈಟರ್. ಏನೋ ಜಮೀನಿನ ತಕರಾರೇ ಇರಬೇಕು ಎಂದು ನಾನು ಆಗಲೇ ಎದೆ ಗಟ್ಟಿ ಮಾಡಿಕೊಂಡಿದ್ದೆ.

"ಚುಟ್ಟ ಹಚ್ಚೋಕೆ ಒಂದು ಲೈಟರ್ ತಂದ್ಕೊಡು ಕಣ್ಲಾ. ಚೆನ್ನಾಗಿರೋದು ತಗೊಂಡ್ಬಾ. ನಿಮ್ಮಕ್ಕಂಗೆ ಈಗ್ಲೇ ಹೇಳ್ಬ್ಯಾಡ."

ಭಾವ ಎಂದರೆ ನನ್ನ ದೊಡ್ಡಕ್ಕನ ಗಂಡ. ಚನ್ನಪಟ್ಟಣದಲ್ಲಿ ಮನೆ. ಮಾಗಡಿ ಕಡೆ ಓಡುವ ಖಾಸಗಿ ಬಸ್ಸಿಗೆ ಬಹಳ ವರ್ಷ ಡ್ರೈವರಾಗಿದ್ದರು. ನಮ್ಮಪ್ಪ ಬೇಗ ಹೋಗಿಬಿಟ್ಟಾಗ ನನ್ನನ್ನು ಮನೆಯಲ್ಲಿಟ್ಟುಕೊಂಡು ಐಟಿಐ ಓದಿಸಿದ್ದು ಅವರೇ. ಈಗ ನಾನು ರಾಮನಗರದಲ್ಲಿದ್ದುಕೊಂಡು ಹಾರೋಹಳ್ಳಿಯ ಫ್ಯಾಕ್ಟರಿಗೆ ಹೋಗಿ ಬರುತ್ತಿದ್ದೇನೆಂದರೆ ಅದು ಅವರ ಅನ್ನದ ಋಣ. ಅಂಥ ಮನುಷ್ಯ ಇಷ್ಟು ವರ್ಷದಲ್ಲಿ ನನ್ನನ್ನು ಬಾಯಿಬಿಟ್ಟು ಏನಾದರೂ ಕೇಳಿದ್ದಾರೆಂದರೆ ಇದೊಂದೇ.

ಅವರಿಗೆ ಕೈ ನಡುಗುವ ಕಾಯಿಲೆ. ಮೊದಲು ಕಾಫಿ ಲೋಟ ತುಳುಕಿತು, ಆಮೇಲೆ ಅಂಗಿ ಗುಂಡಿ ಹಾಕಲು ಆಗದಾಯಿತು, ಈಗ ಬೆಂಕಿಕಡ್ಡಿ ಗೀರಲೂ ಆಗುವುದಿಲ್ಲ. ಒಮ್ಮೆ ಅಡುಗೆಮನೆಯ ಗ್ಯಾಸ್ ಲೈಟರ್ ಕದ್ದು ತಂದು ಚುಟ್ಟದ ತುದಿಗೆ ಹಿಡಿದು ಚಟಚಟ ಒತ್ತಿದರಂತೆ. ಅದರಲ್ಲಿ ಬರುವುದು ಬರೀ ಕಿಡಿ, ಚುಟ್ಟ ಹತ್ತಲಿಲ್ಲ. ಸದ್ದು ಕೇಳಿ ಅಕ್ಕ ಓಡಿ ಬಂದಳು.

ಡಾಕ್ಟರು ಚುಟ್ಟ ಪೂರ್ತಿ ಬಿಡಿ ಎಂದಿದ್ದರು. ಅಕ್ಕ ಜಗಳವಾಡಿ, ಅತ್ತು, ಕೊನೆಗೆ ಮಧ್ಯಾಹ್ನ ಊಟವಾದ ಮೇಲೆ ಒಂದಕ್ಕೆ ತಂದು ನಿಲ್ಲಿಸಿದ್ದಳು. ಬೆಂಕಿಪೊಟ್ಟಣ ಅವಳ ಸೊಂಟದ ಎಲೆಯಡಿಕೆ ಚೀಲದಲ್ಲಿ. ಅವಳು ಕಡ್ಡಿ ಗೀರಿ ಹಚ್ಚಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಇಂಥದ್ದರಲ್ಲಿ ನಾನು ಲೈಟರ್ ತಂದುಕೊಟ್ಟರೆ ಬೀಗದ ಕೈಯನ್ನೇ ಭಾವನಿಗೆ ಕೊಟ್ಟ ಹಾಗೆ. ಇತ್ತ ಹೆತ್ತವಳ ಹಾಗೆ ನೋಡಿಕೊಂಡ ಅಕ್ಕ, ಅತ್ತ ಅಪ್ಪನ ಜಾಗದಲ್ಲಿ ನಿಂತ ಭಾವ. ನನ್ನ ಪಾಡು ಯಾರಿಗೂ ಬೇಡ.

ಮನೆಗೆ ಬಂದು ಹೆಂಡತಿಗೆ ಹೇಳಿದೆ. ಒಂದು ಪೊರಕೆ ತರಬೇಕಾದರೂ ನಾಲ್ಕು ಅಂಗಡಿ ಹತ್ತಿ ಇಳಿಯುವ ಗಂಡ ಎಂದು ನನ್ನನ್ನು ಆಡಿಕೊಳ್ಳುವವಳು ಅವಳು. ಕೇಳಿದ ತಕ್ಷಣ ದಾರಿ ಹುಡುಕಿಬಿಟ್ಟಳು.

"ಇಪ್ಪತ್ತು ರೂಪಾಯಿದು ತಂದ್ಕೊಡಿ. ಆ ಚಕ್ರ ತಿರುಗಿಸಕ್ಕೆ ಅವ್ರ ಕೈಲಿ ಎಲ್ಲಾಗ್ತದೆ? ತಂದ್ಕೊಟ್ಟ ಅಂತ ಅವ್ರಿಗೂ ಸಮಾಧಾನ, ಹತ್ತಲ್ಲ ಅಂತ ಅಕ್ಕಂಗೂ ಸಮಾಧಾನ."

ಉಪಾಯ ಚೆನ್ನಾಗಿತ್ತು. ಚೆನ್ನಾಗಿದ್ದದ್ದಕ್ಕೇ ಅದು ನನ್ನನ್ನು ಕೊರೆಯತೊಡಗಿತು. ಹತ್ತುವುದಿಲ್ಲ ಎಂದು ಗೊತ್ತಿದ್ದೇ ಒಂದು ಲೈಟರನ್ನು ನಡುಗುವ ಕೈಗೆ ಇಟ್ಟು, "ತಗೊಳ್ಳಿ ಭಾವ" ಎನ್ನುವುದೇ? ಅವರು ಹೆಬ್ಬೆರಳಲ್ಲಿ ಗೀಚಿ ಗೀಚಿ ಸುಸ್ತಾಗಿ, ತಪ್ಪು ತಮ್ಮ ಕೈಯದೇ ಎಂದುಕೊಂಡು ಸುಮ್ಮನಾಗುತ್ತಾರೆ. ನನ್ನ ಮೇಲೆ ಅನುಮಾನವನ್ನೂ ಪಡುವುದಿಲ್ಲ.

ಸರಿ, ಒಳ್ಳೆಯದೇ ತರೋಣ. ಆದರೆ ಎಷ್ಟರದು? ಫೋನಿನಲ್ಲಿ ಹುಡುಕಿದೆ. ಚುಟ್ಟದ ಲೈಟರ್ ಎಂದು ಲೋಕದಲ್ಲಿ ಯಾವುದೂ ಇಲ್ಲ, ಸಿಗಾರ್ ಲೈಟರ್ ಎಂದರೆ ಬೇಕಾದಷ್ಟಿವೆ. ಅದೇ ಹೊಗೆಸೊಪ್ಪು, ಹೆಸರು ಬದಲಾದರೆ ಬೆಲೆಗೆ ರೆಕ್ಕೆ ಬರುತ್ತದೆ. ನಾಲ್ಕು ಸಾವಿರದ ಒಂದರ ಕೆಳಗೆ, ಇದು ಜೀವಮಾನವಿಡೀ ಬಾಳುತ್ತದೆ ಎಂದು ಬರೆದಿತ್ತು. ಯಾರ ಜೀವಮಾನ ಎಂದು ನನ್ನ ತಲೆ ತಾನಾಗಿ ಲೆಕ್ಕ ಹಾಕಲು ಹೊರಟಿತು. ಭಾವನಿಗೆ ವಯಸ್ಸೆಷ್ಟು, ಕಾಯಿಲೆ ಎಲ್ಲಿಗೆ ಬಂದಿದೆ, ಇನ್ನೆಷ್ಟು ವರ್ಷ, ಅದಕ್ಕೆ ನಾಲ್ಕು ಸಾವಿರ ಯಾಕೆ. ಒಂದು ಸಾಮಾನಿನ ಬೆಲೆ ನೋಡುತ್ತಾ ನೋಡುತ್ತಾ ಮನುಷ್ಯನ ಆಯುಸ್ಸಿಗೆ ಕೈ ಹಾಕಿದ್ದೆ. ಥೂ ಎನಿಸಿ ಫೋನ್ ಮಗುಚಿಟ್ಟೆ.

ಫೋನ್ ಬೇಡ, ಕಣ್ಣಾರೆ ನೋಡಿಯೇ ತರೋಣವೆಂದು ಶನಿವಾರ ಹೆದ್ದಾರಿ ಬದಿಯ ಅಂಗಡಿಯೊಂದಕ್ಕೆ ಹೋಗಿ, ಹೊಸದಾಗಿ ಕಲಿತ ಹೆಸರಿನ ಠೀವಿಯಲ್ಲಿ, "ಸಿಗಾರ್ ಲೈಟರ್ ಐತಾ?" ಎಂದೆ.

"ಯಾವ ಗಾಡಿ ಸಾರ್?" ಎಂದ ಅಂಗಡಿಯವ.

"ಗಾಡಿಗಲ್ಲ, ನಮ್ಮ ಭಾವಂಗೆ."

"ಅದೇ, ಭಾವಂದು ಯಾವ ಗಾಡಿ?"

ಅವನು ಮುಂದಿಟ್ಟದ್ದು ಕಾರಿನ ಸ್ಟೇರಿಂಗ್ ಪಕ್ಕ ಇರುತ್ತದಲ್ಲ, ಫೋನ್ ಚಾರ್ಜರ್ ಸಿಕ್ಕಿಸುವ ತೂತು, ಅದು. ಹೆದ್ದಾರಿಯ ಉದ್ದಕ್ಕೂ ಸಿಗಾರ್ ಲೈಟರ್ ಎಂದರೆ ಅದೇ ಎಂದು ನನಗೆ ಅವತ್ತೇ ತಿಳಿದದ್ದು. ಚುಟ್ಟ ಸೇದೋಕೆ ಎಂದು ಬಿಡಿಸಿ ಹೇಳಿದೆ. ಅವನು ನಗುತ್ತಾ ಪೇಟೆಯೊಳಗಿನ ಒಂದು ವಾಚಿನ ಅಂಗಡಿಗೆ ಕಳಿಸಿದ.

ವಾಚಿನ ಅಂಗಡಿಯ ಯಜಮಾನರು ವಯಸ್ಸಾದ ಸಾಬರು, ಸಾವಧಾನದ ಮನುಷ್ಯ. ಗಾಜಿನ ಮೇಲೆ ಮೂರು ಲೈಟರ್ ಸಾಲಾಗಿಟ್ಟರು. ಇಪ್ಪತ್ತರದು, ಆರುನೂರರದು, ಹಿತ್ತಾಳೆಯ ಹೊದಿಕೆಯ ಎರಡೂವರೆ ಸಾವಿರದ್ದು. ನಾನು ಒಂದೊಂದನ್ನೂ ಕೈಗೆತ್ತಿಕೊಂಡು, ಬೇಕೆಂದೇ ಭಾವನ ಹಾಗೆ ಕೈ ನಡುಗಿಸಿ ನೋಡಿದೆ. ಇಪ್ಪತ್ತರದರ ಚಕ್ರ ಜಾರಿತು, ಹತ್ತಲಿಲ್ಲ. ಹಿತ್ತಾಳೆಯದರ ಮುಚ್ಚಳವೇ ತೆರೆಯಲಿಲ್ಲ. ಆರುನೂರರದಕ್ಕೆ ಒಂದು ಅಗಲ ಗುಂಡಿ, ಒತ್ತಿ ಹಿಡಿದಷ್ಟು ಹೊತ್ತೂ ಉರಿ. ಸಾಬರು ನನ್ನ ಕೈಯನ್ನೇ ನೋಡುತ್ತಿದ್ದರು.

"ನಿಮ್ಗೆ ಈ ವಯಸ್ಸಿಗೇ ಶುರುವಾಯ್ತಾ?" ಎಂದರು.

ಇಲ್ಲ, ನಮ್ಮ ಭಾವನಿಗೆ ಎಂದು ಲೈಟರನ್ನು ಗಾಜಿನ ಮೇಲಿಟ್ಟೆ. ಆ ಕೈ ದಿನವಿಡೀ ಹೇಗಿರುತ್ತದೆ ಎಂದು ನಾನು ಅಲ್ಲಿಯವರೆಗೆ ಒಂದು ಗಳಿಗೆಯೂ ಯೋಚಿಸಿರಲಿಲ್ಲ. ಮಾಗಡಿ ರಸ್ತೆಯ ತಿರುವುಗಳಲ್ಲಿ ತುಂಬಿದ ಬಸ್ಸನ್ನು ಒಂದೇ ಕೈಯಲ್ಲಿ ತಿರುಗಿಸುತ್ತಿದ್ದ ಕೈ ಅದು. ಆರುನೂರರದನ್ನೇ ಕಟ್ಟಿಸಿಕೊಂಡೆ. ಚೌಕಾಸಿ ಮಾಡಲು ಬಾಯಿ ಬರಲಿಲ್ಲ.

ಭಾನುವಾರ ಹೋದೆ. ಮುದ್ದೆ, ಸೊಪ್ಪಿನ ಸಾರು ಉಂಡು ಭಾವ ಜಗಲಿಗೆ ಬಂದರು, ಚುಟ್ಟ ಬಾಯಿಗಿಟ್ಟರು. ಹಚ್ಚಿಕೊಡಲು ಅಕ್ಕ ಹಿಂದೆಯೇ ಬಂದಳು. ದೊಡ್ಡವರು ಸೇದುವಾಗ ನಾವು ಎದುರಿಗೆ ನಿಲ್ಲುವುದಿಲ್ಲ, ಅದು ನಮ್ಮ ಕಡೆಯ ಮರ್ಯಾದೆ. ಎಂದಿನಂತೆ ತೆಂಗಿನ ಮರದ ಕಡೆ ಹೊರಡಲು ಎದ್ದೆ.

"ಎಲ್ಲೋಯ್ತಿಯಲಾ, ಕೂತ್ಕೋ. ತಂದ್ಯಾ?" ಎಂದರು, ಅಕ್ಕನ ಎದುರಿಗೇ.

ಜೇಬಿನಿಂದ ತೆಗೆದು ಕೊಟ್ಟೆ. ಅಕ್ಕನ ಮುಖ ಕೆಂಪಾಯಿತು.

"ನೀನೂ ಸೇರ್ಕೊಂಡ್ಬುಟ್ಯಾ? ಇವ್ರ ಎದೆ ಸುಡೋಕೆ ಬೆಂಕಿ ತಂದ್ಕೊಡೋನು ನನ್ ತಮ್ಮನೇ ಆಗ್ಬೇಕಿತ್ತಾ?"

ಭಾವ ಮಾತ್ರ ಲೈಟರನ್ನು ಒತ್ತಿಯೂ ನೋಡಲಿಲ್ಲ. ಅದು ಅವರ ಕೈಯಲ್ಲಿ ತಟತಟನೆ ಅಲುಗುತ್ತಿತ್ತು. ಹಾಗೇ ಅಕ್ಕನ ಕಡೆ ಚಾಚಿದರು.

"ಹಿಡ್ಕೋ. ಇದು ನಿಂಗೇ."

ಅಕ್ಕ ಪಿಳಿಪಿಳಿ ನೋಡಿದಳು.

"ಇವ್ಳ ಬೆರಳು ನೋಡ್ಲಾ ಒಸಿ," ಎಂದರು ಭಾವ ನನಗೆ. "ಇವ್ಳು ಕಡ್ಡಿ ಗೀರಿ ಹಿಡೀತಾಳೆ. ನನ್ ಕೈಯ್ಯೂ ನಿಲ್ಲಕ್ಕಿಲ್ಲ, ಚುಟ್ಟಾನೂ ನಿಲ್ಲಕ್ಕಿಲ್ಲ. ಅದು ಹತ್ತೋ ಹೊತ್ಗೆ ಕಡ್ಡಿ ಉರ್ಕೊಂಡು ಇವ್ಳ ಬೆರಳಿಗೆ ಬಂದಿರ್ತದೆ. ಆದ್ರೂ ಬುಡಕ್ಕಿಲ್ಲ."

ಅಕ್ಕ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು. ಅಷ್ಟರಲ್ಲಿ ನಾನು ನೋಡಿಬಿಟ್ಟಿದ್ದೆ. ಹೆಬ್ಬೆರಳು, ತೋರುಬೆರಳುಗಳ ತುದಿ ಕಪ್ಪಗೆ ಜಡ್ಡುಗಟ್ಟಿತ್ತು. ಪ್ರತಿ ಸಲವೂ ಮರ್ಯಾದೆಗೆಂದು ಎದ್ದು ತೆಂಗಿನ ಮರ ನೋಡುತ್ತಾ ನಿಂತವನಿಗೆ ಅದು ಕಾಣುವುದಾದರೂ ಹೇಗೆ?

"ನಾನು ಯಾವತ್ತಾದ್ರೂ ಉರೀತದೆ ಅಂದಿದ್ನಾ?" ಎಂದಳು ಅಕ್ಕ. ಸಿಟ್ಟು ಇನ್ನೂ ದನಿಯಲ್ಲೇ ಇತ್ತು.

"ನೀ ಅನ್ನಕ್ಕಿಲ್ಲ ಅಂತ್ಲೇ ತರ್ಸಿದ್ದು. ಮುಂಚೇನೇ ಹೇಳಿದ್ರೆ ಬ್ಯಾಡ ಅಂತಿದ್ದೆ."

ಅಕ್ಕ ಲೈಟರ್ ತೆಗೆದುಕೊಂಡು ತಿರುಗಿಸಿ ನೋಡಿದಳು. ಗುಂಡಿ ಒತ್ತಿದಳು. ಉರಿ ಎದ್ದು ನಿಂತಿತು. ಭಾವನ ಚುಟ್ಟ ಅತ್ತ ಹೋಯಿತು, ಇತ್ತ ಬಂತು, ಮತ್ತೆ ಅತ್ತ ಹೋಯಿತು. ಅಕ್ಕ ಗಡಿಬಿಡಿ ಮಾಡಲಿಲ್ಲ. ಅವರಿಬ್ಬರ ಮುಖ ಅಷ್ಟು ಹತ್ತಿರದಲ್ಲಿ ಇದ್ದದ್ದನ್ನು ನಾನು ಹಿಂದೆಂದೂ ನೋಡಿರಲಿಲ್ಲ. ನಾಚಿಕೆಯೂ ಆಯಿತು, ಸಂತೋಷವೂ ಆಯಿತು. ಕೊನೆಗೊಮ್ಮೆ ಚುಟ್ಟ ಹತ್ತಿತು.

ಒಂದು ದಮ್ಮು ಎಳೆದು ಭಾವ ಕೇಳಿದರು, "ಎಷ್ಟು ಕೊಟ್ಟೆ?"

ಹೇಳಿದೆ.

"ಇನ್ನೊಸಿ ಜಾಸ್ತಿ ಹಾಕ್ಬೇಕಿತ್ತು ಕಣ್ಲಾ," ಎಂದರು. "ನನ್ ಕಾಲ ಮುಗಿದ್ಮೇಲೆ ಇವ್ಳು ದೇವ್ರಿಗೆ ದೀಪ ಹಚ್ಬೇಕಲ್ಲ. ಅಲ್ಲಿವರ್ಗೂ ಬರ್ತದಾ ಇದು?"

"ಬಾಯ್ಮುಚ್ಕೊಂಡು ಸೇದಿ," ಎಂದಳು ಅಕ್ಕ. ಲೈಟರನ್ನು ಸೆರಗಿನ ತುದಿಯಲ್ಲಿ ಒರೆಸಿ, ಸೊಂಟಕ್ಕೆ ಸಿಕ್ಕಿಸಿಕೊಂಡು ಒಳಗೆ ಹೋದಳು.