ಹುಕುಂ ಬಾರದ ದಿನ

ಮೊನ್ನೆ ಪಿಂಚಣಿ ಕಾಗದಕ್ಕೆ ಹೆಬ್ಬೆಟ್ಟು ಒತ್ತುತ್ತಿದ್ದ ಮುದುಕಿಯೊಬ್ಬಳ ಪಕ್ಕ ನಿಂತಿದ್ದೆ. ಇಂಕ್ ಪ್ಯಾಡಿನ ವಾಸನೆ ಮೂಗಿಗೆ ಬಡಿಯಿತು. ಕೃಷ್ಣಾ ದಂಡೆಯ ಆ ಊರಿನ ವಾಲೀಕಾರ ನೆನಪಾದ...

ಎಂಬತ್ತರ ದಶಕ. ಜುಗೂಳದ ಆಚೆಗಿನ ಆ ಊರಲ್ಲಿ ನಾನು ಕನ್ನಡ ಸಾಲಿ ಮಾಸ್ತರ, ಅವನು ಚಾವಡಿಯ ಚಾಕರಿಯವನು. ಊರಿಗೆ ಏನೇ ಸುದ್ದಿಯಿದ್ದರೂ ಅವನೇ ಹಲಗಿ ಬಡಿದು ಸಾರಬೇಕು. ಆದರೆ ಚಾವಡಿಯ ಹುಕುಂ ಇಲ್ಲದೆ ಹಲಗಿ ಬಡಿಯುವಂತಿರಲಿಲ್ಲ. ತಂದೆಯ ಕಾಲದಿಂದ ಬಂದ ಆ ಕಟ್ಟಳೆಯನ್ನು ಒಮ್ಮೆಯೂ ಮುರಿದವನಲ್ಲ, ಪುಣ್ಯಾತ್ಮ.

ಆ ಶ್ರಾವಣದಲ್ಲಿ ಹೊಳೆ ಏರಿತು. ಮೇಲಿನ ಡ್ಯಾಮಿನಿಂದ ನೀರು ಬಿಟ್ಟದ್ದು ತಾಲೂಕು ಕಚೇರಿಯವರಿಗೆ ಗೊತ್ತಿತ್ತು, ಊರಿಗೆ ಹೇಳಿಕಳಿಸಲಿಲ್ಲ. ವಾಲೀಕಾರ ಮುಂಜಾನೆಯೇ ಹಲಗಿ ಹೆಗಲಿಗೇರಿಸಿಕೊಂಡು ಚಾವಡಿಗೆ ಹೋದ. ಹುಕುಂ ಕೊಡಬೇಕಾದ ತಲಾಟಿ ಬಂದಿರಲಿಲ್ಲ. ಕಾದ. ಮಧ್ಯಾಹ್ನ ಕೆಳಗಿನ ಓಣಿಗೆ ನೀರು ನುಗ್ಗಿದಾಗಲೂ ಕಟ್ಟೆಯ ಮೇಲೆ ಕಾಯುತ್ತಲೇ ಇದ್ದ. ಒಬ್ಬ ಬಾಣಂತಿ, ಅವಳ ಕೂಸು ಕೊಚ್ಚಿಹೋದರು...

ನೀರು ಇಳಿದ ಮೇಲೆ ತಪ್ಪು ಯಾರದೆಂದು ಚೌಕಶಿ ಮಾಡಲು ಕಚೇರಿಯ ಸಾಹೇಬರು ಬಂದರು. ವಾಲೀಕಾರನ ಹೇಳಿಕೆಯನ್ನು ಮೊದಲೇ ಬರೆಸಿಕೊಂಡು ಬಂದಿದ್ದರು. ಸಾಕ್ಷಿ ಸಹಿಗೆಂದು ನನ್ನನ್ನು ಕರೆಸಿದರು. ಓದಿದೆ. ನೀರು ನುಗ್ಗುವ ಹಿಂದಿನ ದಿನವೇ ವಾಲೀಕಾರನಿಗೆ ಹುಕುಂ ಮುಟ್ಟಿತ್ತು, ಅವನು ಸಾರಲಿಲ್ಲ ಎಂದಿತ್ತು. ಅಪ್ಪಟ ಸುಳ್ಳು.

ಹೆಬ್ಬೆಟ್ಟಿಗೆ ಮಸಿ ಹಚ್ಚಿಕೊಂಡು ಅವನು ನನ್ನ ಕಡೆ ತಿರುಗಿದ. "ಏನ ಬರದಾರ್ರಿ ಮಾಸ್ತರ?"

ಸಾಹೇಬರು ನನ್ನನ್ನೇ ನೋಡುತ್ತಿದ್ದರು. ನನ್ನ ನೌಕರಿ ಆಗಿನ್ನೂ ಕಾಯಂ ಆಗಿರಲಿಲ್ಲ. "ಇದ್ದದ್ದ ಬರದಾರ, ಒತ್ತು," ಅಂದೆ. ಥೂ, ನನ್ನ ಜನ್ಮಕ್ಕೆ.

ಅವನ ಕೆಲಸ ಹೋಯಿತು. ಕಚೇರಿಯ ಒಬ್ಬರ ಕೂದಲೂ ಕೊಂಕಲಿಲ್ಲ. ಕೆಳಗಿನ ಓಣಿಯವರು ಅವನನ್ನು ಮಾತಾಡಿಸುವುದನ್ನೇ ಬಿಟ್ಟರು. ಮರುವರ್ಷ ನನಗೆ ವರ್ಗವಾಯಿತು, ಅಲ್ಲಿಂದ ಪಾರಾದೆ.

ಮೊನ್ನೆ ಆ ವಾಸನೆ ಬಡಿದ ಮೇಲೆ ತಡೆಯಲಾಗಲಿಲ್ಲ. ಇದ್ದರೆ ಕಾಲು ಹಿಡಿದು ಹೇಳೋಣವೆಂದು ಮರುದಿನವೇ ಬಸ್ಸು ಹತ್ತಿದೆ. ಅವನು ತೀರಿ ಬಹಳ ವರ್ಷಗಳಾಗಿದ್ದವು. ಮಗಳು ಗುರುತು ಹಿಡಿದಳು, ಚಹಾ ಮಾಡಿಕೊಟ್ಟಳು.

"ನಮ್ಮಪ್ಪ ಮೊದಲ ಹುಕುಂ ಬಂದಿಲ್ಲ, ನಂದೇನ ತಪ್ಪಿಲ್ಲ ಅಂತಿದ್ದ ರೀ," ಅಂದಳು. "ಆಮ್ಯಾಲ ಯಾರೋ ಕಾಗದದಾಗ ಏನ ಬರದಿತ್ತು ಅಂತ ಹೇಳಿದ್ರು. ಮಾಸ್ತರ ಸುಳ್ಳ ಹೇಳಾವ್ರಲ್ಲ, ಹುಕುಂ ಬಂದಿರಬೇಕು, ನಾನ ಮರತಿರಬೇಕು ಅಂತ ಸಾಯೂತನಾ ಅಳತಿದ್ದ."

ನಾನು ನಿಜ ಹೇಳಿದೆ. ಕೇಳಬೇಕಾದವನಿರಲಿಲ್ಲ, ಅವಳಿಗೇ ಹೇಳಿದೆ. ಅವಳು ಪೂರ್ತಿ ಕೇಳಿದಳು. ನನ್ನ ಮುಂದಿನ ಚಹಾದ ಕಪ್ಪು ಎತ್ತಿಕೊಂಡು ಒಳಗೆ ಹೋದಳು. ಬಹಳ ಹೊತ್ತು ಕೂತಿದ್ದೆ, ಅವಳು ಹೊರಗೆ ಬರಲಿಲ್ಲ.